ಪಂಪ್‌ಹೌಸಿನ ಬಾಗಿಲಲ್ಲಿ ಸುರಕ್ಷಿತವಾಗಿರುವ ಬೂಟುಗಳ ಬಗ್ಗೆ

ಸುರಕ್ಷತಾ ಶಾಖೆ, ಕೊಳ್ಳೇಗಾಲ
(ಹನೂರು ಮತ್ತು ಯಳಂದೂರು ಸೇರಿದಂತೆ)

ಸಂಖ್ಯೆ: ಸುಶಾ/ಬೂಟು/ಎಡ-ಬಲ/41/2024-25
ದಿನಾಂಕ: 02.12.2024

ಸುತ್ತೋಲೆ

ವಿಷಯ: ನೀರೆತ್ತುವ ಘಟಕಗಳ ಸಿಬ್ಬಂದಿಯು ಸುರಕ್ಷತಾ ಬೂಟುಗಳನ್ನು ಬಾಗಿಲಲ್ಲಿ ಬಿಡದೆ ಕಾಲಿನಲ್ಲಿಯೇ ಇಟ್ಟುಕೊಳ್ಳುವ ಬಗ್ಗೆ.

ಉಲ್ಲೇಖ:
1) ಸುತ್ತೋಲೆ ಸಂಖ್ಯೆ 17: ‘ಬೂಟು ಎಂದರೇನು’.
2) ಸುತ್ತೋಲೆ ಸಂಖ್ಯೆ 23: ‘ಬೂಟು ಎಂದರೇನು’ (ತಿದ್ದುಪಡಿ).
3) ಸತ್ತೇಗಾಲದ ಪಂಪ್ ಆಪರೇಟರ್ ಶ್ರೀ ಪುಟ್ಟಮಾದಪ್ಪ ಅವರಿಗೆ ನೀಡಿದ ನೋಟಿಸು.
4) ಸದರಿ ಪಂಪ್‌ಹೌಸಿನ ಕಸ ಗುಡಿಸುವ ಶ್ರೀಮತಿ ಕೆಂಪಾಜಮ್ಮ ಅವರ ಹೇಳಿಕೆ.
5) ಒಂದು ಹೆಬ್ಬೆರಳು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ:

1. ಕಳೆದ ಜೂನ್ ತಿಂಗಳಲ್ಲಿ ಪ್ರತಿ ಪಂಪ್‌ಹೌಸಿಗೂ ಉಕ್ಕಿನ ಮೂತಿಯ ಬೂಟುಗಳನ್ನು ವಿತರಿಸಲಾಗಿತ್ತು. ಮೂರು ತಿಂಗಳ ನಂತರ ಪರಿಶೀಲಿಸಲಾಗಿ, ಎಲ್ಲ ಬೂಟುಗಳೂ ಹೊಸ್ತಿಲ ಹೊರಗೆ ಸಾಲಾಗಿ, ಒಂದು ಗೀರೂ ಇಲ್ಲದೆ ಕಂಡುಬಂದವು. ಬೂಟುಗಳಿಗೆ ಯಾವುದೇ ಅಪಘಾತ ಸಂಭವಿಸಿಲ್ಲವೆಂದು ವರದಿ ಸಲ್ಲಿಸಿ ಪ್ರಶಂಸಾಪತ್ರವನ್ನೂ ಪಡೆಯಲಾಯಿತು. ಒಳಗಿದ್ದ ಕಾಲುಗಳ ಬಗ್ಗೆ ಯಾರೂ ಕೇಳಿರಲಿಲ್ಲ.

2. ಸತ್ತೇಗಾಲದ ಪಂಪ್‌ಹೌಸಿನಲ್ಲಿ ಮೋಟಾರಿನ ಮೇಲೆ ಮಾದಪ್ಪ ದೇವರ ಪಟವಿದ್ದು, ಮೋಟಾರಿಗೆ ಪ್ರತಿ ಸೋಮವಾರ ವಿಭೂತಿ ಹಚ್ಚಲಾಗುತ್ತಿದೆ. ಆದಕಾರಣ ಅಲ್ಲಿ ಯಾರೂ ಕಾಲಿಗೆ ಏನನ್ನೂ ಮೆಟ್ಟಿ ಒಳಹೋಗುವುದಿಲ್ಲ. ಪಟವನ್ನು ಸ್ಥಳಾಂತರಿಸುವ ಪ್ರಸ್ತಾವವಿದ್ದಿತು. ಅದನ್ನು ಮೊಳೆಯಿಂದ ಇಳಿಸಲು ಮೂರು ತಾಲ್ಲೂಕುಗಳಲ್ಲಿ ಒಬ್ಬರೂ ಮುಂದೆ ಬಾರದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

3. ತದನಂತರ ಉಲ್ಲೇಖ (2)ರ ತಿದ್ದುಪಡಿಯಲ್ಲಿ, ಬೂಟು ಪಾದರಕ್ಷೆಯಲ್ಲ, ಸ್ಪ್ಯಾನರಿನಂತೆ ಅದೂ ಒಂದು ಉಪಕರಣ, ಆದುದರಿಂದ ಒಳಗೆ ಒಯ್ಯಬಹುದು ಎಂದು ಘೋಷಿಸಲಾಯಿತು. ಸಿಬ್ಬಂದಿ ಇದನ್ನು ಸಂತೋಷದಿಂದ ಒಪ್ಪಿದರು. ಆಯುಧಪೂಜೆಯ ದಿನ ಎಲ್ಲ ಉಪಕರಣಗಳ ಜೊತೆ ಬೂಟುಗಳಿಗೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿ, ಬೂದುಗುಂಬಳ ಒಡೆದರು. ಪೂಜೆ ಮಾಡಿದ ವಸ್ತುವಿನೊಳಗೆ ಕಾಲು ತೂರಿಸಲು ಆಮೇಲೆ ಯಾರೂ ಒಪ್ಪಲಿಲ್ಲ. ಸದರಿ ಬೂಟುಗಳು ಈಗ ಪಟದ ಪಕ್ಕದ ಗೂಡಿನಲ್ಲಿವೆ.

4. ಈ ಹಂತದಲ್ಲಿ ಶಾಖೆಯ ತಾಳ್ಮೆ ತಪ್ಪಿತೆಂದು ವಿಷಾದದಿಂದ ದಾಖಲಿಸಲಾಗಿದೆ. ಹತ್ತೊಂಬತ್ತು ವರ್ಷಗಳಿಂದ ಅದೇ ಮೋಟಾರು ನೋಡಿಕೊಂಡಿರುವ ಶ್ರೀ ಪುಟ್ಟಮಾದಪ್ಪ ಅವರು ಬೂಟು ಧರಿಸದಿದ್ದಲ್ಲಿ, ಮೋಟಾರೇ ಇಲ್ಲದ ಹನೂರಿನ ಉಗ್ರಾಣಕ್ಕೆ ವರ್ಗಾಯಿಸಲಾಗುವುದೆಂದು ನೋಟಿಸು ನೀಡಲಾಯಿತು. ಅದಕ್ಕೆ ಅವರು ಕೊಟ್ಟ ಸಮಜಾಯಿಷಿ ಯಥಾವತ್ ಹೀಗಿದೆ: “ದೇವ್ರ ಮಾತು ಒಂದ್ ಕಡೀಕಿರ್ಲಿ ಸಾ. ಬೇರಿಂಗು ಓಗಕೆ ಮುಂಚೆ ನೆಲ ಸಣ್ಣಗೆ ನಡುಗ್ತದೆ, ಅದು ಅಂಗಾಲ್ಗೆ ಗೊತ್ತಾಯ್ತದೆ. ಈ ಬೂಟಾಕಂಡ್ರೆ ಮೋಟ್ರು ಮಾತಾಡೋದೇ ಕೇಳಕಿಲ್ಲ. ನನ್ನ ಉಗ್ರಾಣಕ್ಕಾಕಿ ಏನ್ ಮಾಡೀರಿ, ಅಲ್ಲಿ ನಾನು ಯಾರ ಮಾತ ಕೇಳ್ಲಿ?” ಸಮಜಾಯಿಷಿಯು ತಾಂತ್ರಿಕವಾಗಿಲ್ಲವೆಂದು ತಿರಸ್ಕರಿಸಲಾಯಿತು.

5. ಸುರಕ್ಷತಾ ಅಧಿಕಾರಿ ಶ್ರೀ ಶಾಂತರಾಜು ಅವರು ವರ್ಗಾವಣೆ ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ದಿನಾಂಕ 19.11.2024ರಂದು ಖುದ್ದಾಗಿ ಸ್ಥಳಕ್ಕೆ ತೆರಳಿದರು. ಬೂಟಿನ ಮಹತ್ವವನ್ನು ವಿವರಿಸುತ್ತ ಮೇಜು ಗುದ್ದಿದಾಗ ದೊಡ್ಡ ಸ್ಪ್ಯಾನರೊಂದು ಉರುಳಿ ಅವರ ಬಲಗಾಲಿನ ಹೆಬ್ಬೆರಳಿನ ಮೇಲೆ ಬಿದ್ದಿತು. ‘ಬೂಟು ಧರಿಸಿದ್ದಾಗ್ಯೂ ಗಾಯವಾಗಿದೆ’ ಎಂದು ಅವರು ವರದಿ ಮಾಡಿದರು. ಬೂಟಿನ ಮೂತಿ ಕನ್ನಡಿಯಂತೆ ಹೊಳೆಯುತ್ತಿರುವಾಗ ಒಳಗಿನ ಬೆರಳು ಬದನೆಕಾಯಿಯಂತೆ ಊದಿದ್ದು ಹೇಗೆ ಎಂದು ಜಿಲ್ಲಾ ಕಚೇರಿಯು ಸ್ಪಷ್ಟೀಕರಣ ಕೇಳಿತು.

6. ಈ ಬಗ್ಗೆ ಶ್ರೀಮತಿ ಕೆಂಪಾಜಮ್ಮ ಅವರ ಹೇಳಿಕೆ: “ಸಾಯೇಬ್ರೇ ಬಾಕ್ಲಲ್ಲಿ ಬಿಟ್ರು ಸಾ. ಪಟ ಕಂಡೇಟ್ಗೆ ಕೈ ಮುಗ್ದು, ಬೂಟು ಕಳಚಿ ಒಳೀಕ್ ಓದ್ರು. ಒಂದು ಅತ್ಲಾಗೆ ಒಂದು ಇತ್ಲಾಗೆ ಬಿದ್ದಿದ್ದೊ. ನಾನೇ ಜೋಡ್ಸಿ ಮಡುಗ್ದಿ.”

7. ಹೇಳಿಕೆಯನ್ನು ಸುಳ್ಳೆಂದು ಸಾಬೀತುಪಡಿಸಲು ಶಾಖೆಗೆ ಎಲ್ಲ ಅವಕಾಶವಿತ್ತು, ಸಹಿ ಹಾಕಲು ಪೆನ್ನೂ ಸಿದ್ಧವಿತ್ತು. ಆದರೆ ಸತ್ಯ ಸಂಗತಿ ಏನೆಂದರೆ, ಪೆಟ್ಟು ತಿಂದ ಬಲಗಾಲನ್ನು ಶ್ರೀ ಪುಟ್ಟಮಾದಪ್ಪ ಅವರು ತಣ್ಣೀರ ಬಕೆಟ್ಟಿನಲ್ಲಿ ಇರಿಸಿದಾಗ ಅಧಿಕಾರಿಗಳ ಎಡಗಾಲು ನೆಲದ ಮೇಲಿತ್ತು. “ಸಾ, ಆ ಕಾಲ ಅಲ್ಲಾಡಿಸ್ಬೇಡಿ. ನೆಲ ನಡುಗ್ತಾದೆ, ಗೊತ್ತಾಯ್ತದಾ?” ಎಂದು ಆಪರೇಟರ್ ಕೇಳಿದರು. ಅಧಿಕಾರಿಗಳಿಗೆ ಗೊತ್ತಾಯಿತು. ಹೆಬ್ಬೆರಳಿನ ನೋವಿನ ನಡುವೆಯೂ ಚೆನ್ನಾಗಿ ಗೊತ್ತಾಯಿತು. ಕೂಡಲೇ ಮೋಟಾರು ನಿಲ್ಲಿಸಿ ಬಿಚ್ಚಿ ನೋಡಲಾಗಿ ಬೇರಿಂಗು ಬಿರುಕು ಬಿಟ್ಟಿತ್ತು. ಇನ್ನು ಹತ್ತು ನಿಮಿಷ ಓಡಿದ್ದರೆ ಮೋಟಾರು ಸುಟ್ಟು, ಊರಿಗೆ ನಾಲ್ಕು ದಿನ ನೀರಿರುತ್ತಿರಲಿಲ್ಲ.

8. ಮೇಲ್ಕಂಡ ಎಲ್ಲವನ್ನೂ ಪರಿಗಣಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ:

(ಅ) ಹೊರಗಿನ ಮಣ್ಣನ್ನು ಎಂದೂ ಮುಟ್ಟದ ‘ಒಳಬೂಟು’ಗಳನ್ನು ಪ್ರತ್ಯೇಕವಾಗಿ ನೀಡಲಾಗುವುದು. ಇವುಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರತಕ್ಕದ್ದು. ಸೀಟು ಸಿಗದಿದ್ದಲ್ಲಿ ಮುಂದಿನ ಬಸ್ಸಿಗೆ ಕಾಯತಕ್ಕದ್ದು.

(ಆ) ಆಯುಧಪೂಜೆಯ ದಿನ ಒಳಬೂಟುಗಳನ್ನು ಬಚ್ಚಿಡತಕ್ಕದ್ದು. ಎಲ್ಲಿ ಬಚ್ಚಿಡಲಾಗಿದೆ ಎಂಬುದನ್ನು ಶಾಖೆಗೆ ಮುಂಚಿತವಾಗಿ ಲಿಖಿತದಲ್ಲಿ ತಿಳಿಸತಕ್ಕದ್ದು.

(ಇ) ಆಪರೇಟರ್ ಗಂಟೆಗೊಮ್ಮೆ ಎಡಗಾಲಿನ ಬೂಟು ಕಳಚಿ ನೆಲದ ನಡುಕವನ್ನು ಪರಿಶೀಲಿಸತಕ್ಕದ್ದು. ಇದಕ್ಕೆ ‘ಅಂಗಾಲು ತಪಾಸಣೆ’ ಎಂದು ಹೆಸರು. ಸದರಿ ಅವಧಿಯಲ್ಲಿ ಎಡಗಾಲಿನ ಸುರಕ್ಷತೆಗೆ ಬಲಗಾಲೇ ಜವಾಬ್ದಾರಿ.

(ಈ) ಕಚಗುಳಿ ಇರುವವರು ಈ ಹುದ್ದೆಗೆ ಅರ್ಹರಲ್ಲ.

(ಉ) ತಪಾಸಣೆಗೆ ಬರುವ ಅಧಿಕಾರಿಗಳು ಮೇಜು ಗುದ್ದತಕ್ಕದ್ದಲ್ಲ.

9. ವರ್ಗಾವಣೆಯನ್ನು ರದ್ದುಪಡಿಸಬೇಕಾದರೆ ಅಂಗಾಲಿಗೆ ನಡುಕ ತಿಳಿಯುವುದೆಂದು ಅಧಿಕಾರಿಯೊಬ್ಬರು ಸ್ವಂತ ಅನುಭವದಿಂದ ದೃಢೀಕರಿಸತಕ್ಕದ್ದೆಂದೂ, ಹಾಗೆ ದೃಢೀಕರಿಸುವವರು ಆ ವೇಳೆ ಬೂಟು ಧರಿಸಿರಲಿಲ್ಲವೆಂದು ಒಪ್ಪಿಕೊಳ್ಳತಕ್ಕದ್ದೆಂದೂ ಜಿಲ್ಲಾ ಕಚೇರಿಯು ತಿಳಿಸಿದೆ. ಸುರಕ್ಷತಾ ಅಧಿಕಾರಿಗಳು ಎರಡು ವಾರ ಯೋಚಿಸಿದ್ದಾರೆ. ಬೂಟು ಧರಿಸಿದ್ದಾಗಿ ವರದಿ ಬರೆದದ್ದಕ್ಕೆ ಅವರಿಗೆ ನಾಚಿಕೆಯಾಗಿದೆ. ಉಲ್ಲೇಖ (3)ರ ನೋಟಿಸನ್ನೂ ಜೇಬಿನಲ್ಲಿದ್ದ ವರ್ಗಾವಣೆ ಆದೇಶವನ್ನೂ ಈ ಮೂಲಕ ಹಿಂಪಡೆಯಲಾಗಿದೆ. ಶ್ರೀ ಪುಟ್ಟಮಾದಪ್ಪ ಅವರು ಸತ್ತೇಗಾಲದಲ್ಲಿಯೇ ಮುಂದುವರಿಯತಕ್ಕದ್ದು.

ಸಹಿ/-
(ಶಾಂತರಾಜು)
ಸುರಕ್ಷತಾ ಅಧಿಕಾರಿ
ದಿನಾಂಕ 19.11.2024ರಂದು ಬರಿಗಾಲಿನಲ್ಲಿದ್ದವರು

ಪ್ರತಿಗಳು:
1. ಜಿಲ್ಲಾ ಕಚೇರಿಗೆ, ಮಾಹಿತಿಗಾಗಿ. ಪ್ರಶಂಸಾಪತ್ರವನ್ನು ಲಗತ್ತಿಸಿ ಹಿಂದಿರುಗಿಸಿದೆ.
2. ಉಗ್ರಾಣ ಪಾಲಕರು, ಹನೂರು. ಯಾರೂ ಬರುವುದಿಲ್ಲ, ಕಾಯಬೇಡಿ.
3. ಯಳಂದೂರು ಉಪಶಾಖೆ. ಅಲ್ಲಿನ ಬೂಟುಗಳ ಮೇಲಿನ ಕುಂಕುಮವನ್ನು ಒರೆಸಲು ಒತ್ತಾಯಿಸತಕ್ಕದ್ದಲ್ಲ.
4. ಶ್ರೀಮತಿ ಕೆಂಪಾಜಮ್ಮ. ಬೂಟು ಜೋಡಿಸಿಟ್ಟದ್ದಕ್ಕೆ ವಂದನೆಗಳೊಂದಿಗೆ.
5. ಶ್ರೀ ಪುಟ್ಟಮಾದಪ್ಪ. ಈ ಪ್ರತಿಯನ್ನು ಸುರಕ್ಷತಾ ಅಧಿಕಾರಿಗಳು ಖುದ್ದಾಗಿ ತಂದುಕೊಡುವರು. ಒಂದು ಜೊತೆ ಬೂಟಿಗೆ ಹೊಸ್ತಿಲ ಹೊರಗೆ ಜಾಗ ಬಿಟ್ಟಿರತಕ್ಕದ್ದು.