ಕತ್ತಲಿಗೊಂದು ಕಾವಲು

ಎಲ್ಲ ತಾಪತ್ರಯಕ್ಕೂ ಬಾಗಿಲಿಗೆ ಅಂಟಿಸಿದ ಒಂದು ಚೀಟಿಯೇ ಮೂಲ. ‘ದಯವಿಟ್ಟು ತೆರೆಯಬೇಡಿ’ ಎಂದು ಸೊಪ್ಪಣ್ಣ ಬೆಳಿಗ್ಗೆ ಆರಕ್ಕೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ. ಅದು ಒಡೆದ ಗಾಜಿನ ಸಾಮಾನು ತುಂಬಿಡುವ ಪುಟ್ಟ ಕೋಣೆ. ಮೂರು ವರ್ಷದಿಂದ ಯಾರೂ ಅದರತ್ತ ತಿರುಗಿ ನೋಡಿರಲಿಲ್ಲ. ಚೀಟಿ ಅಂಟಿಸಿದ್ದೇ ತಡ, ಒಳಗೆ ಏನಿದೆ ಎಂಬ ಚಿಂತೆ ಇಡೀ ಕಟ್ಟಡಕ್ಕೆ ಹತ್ತಿಕೊಂಡಿತು.

ಸೊಪ್ಪಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆರು ವರ್ಷದಿಂದ ಪ್ರಯೋಗಾಲಯದಲ್ಲಿ ಎಲೆ ಅರೆಯುತ್ತಿದ್ದವನಿಗೆ ಜೊತೆಯವರು ದಯಪಾಲಿಸಿದ ಬಿರುದು. ಎಲೆಯೊಳಗಿನ ಕೆಲವು ಪ್ರೋಟೀನುಗಳಿಗೆ, ಅಂಗಿಗಿರುವಂತೆ, ಗಂಧಕದ ಗುಂಡಿಗಳಿರುತ್ತವೆ. ಬೆಳಕು ಬಿದ್ದರೆ ಅಪಕರ್ಷಣೆಯಾಗಿ ಗುಂಡಿ ಬಿಚ್ಚಿಕೊಂಡು ಅವು ಕೆಲಸಕ್ಕೆ ಏಳುತ್ತವೆ. ಕತ್ತಲಾದರೆ ಉತ್ಕರ್ಷಣೆಯಾಗಿ ಗುಂಡಿ ಹಾಕಿಕೊಂಡು ಮಲಗುತ್ತವೆ. ಎಂಟು ಗಂಟೆ ಒಂದೇ ಸಮನೆ ಕತ್ತಲಲ್ಲಿಟ್ಟರೆ ಎಷ್ಟು ಗಾಢವಾಗಿ ಮಲಗುತ್ತವೆ ಎಂಬ ಒಂದು ಚಿತ್ರ ಸಿಕ್ಕರೆ ಅವನ ಪಿಎಚ್‌ಡಿ ಪ್ರಬಂಧ ಮುಗಿದಂತೆ. ಸಂಜೆ ಸಹಿ ಹಾಕುತ್ತೇನೆ ಎಂದು ಅವನ ಮಾರ್ಗದರ್ಶಕಿ ಮೇಡಂ ಮಾತು ಕೊಟ್ಟಿದ್ದರು. ನಾಳೆ ಅವರು ಒಂದು ವರ್ಷದ ರಜೆಯ ಮೇಲೆ ಹೊರಡುವವರು. ಪ್ರಯೋಗಕ್ಕೆ ಉಳಿದಿದ್ದುದು ನಾಲ್ಕೇ ನಾಲ್ಕು ಕುಂಡ.

"ಸಹಿ ಆದ ತಕ್ಷಣ ಫೋನ್ ಮಾಡಿ ಅಳಿಯಂದ್ರೇ," ಎಂದು ಅತ್ತೆ ಬೆಳಬೆಳಿಗ್ಗೆಯೇ ಎಚ್ಚರಿಸಿದ್ದರು. "ಆರು ವರ್ಷ ಅರೆದಿದ್ದೀರಿ. ಅಷ್ಟು ಸೊಪ್ಪು ನಮ್ಮನೇಲಿ ಅರೆದಿದ್ರೆ ಊರಿಗೇ ಊಟ ಹಾಕಬಹುದಿತ್ತು."

ಹೀಗಾಗಿ ಸೊಪ್ಪಣ್ಣ ಈ ಸಲ ಯಾರನ್ನೂ ನಂಬಲಿಲ್ಲ. ಕುಂಡಗಳನ್ನು ಆ ಪುಟ್ಟ ಕೋಣೆಯೊಳಗಿಟ್ಟು ಅಲ್ಲಿನ ಬಲ್ಬು ಕಿತ್ತಿಟ್ಟ. ಕಾವಲಿನಜ್ಜನಿಗೆ ಬಾಗಿಲ ಪಕ್ಕ ಕುರ್ಚಿ ಹಾಕಿಸಿ, ಕೈಗೊಂದು ನೋಟ್‌ಬುಕ್ಕು ಕೊಟ್ಟ.

"ಯಾರೇ ಬಾಗಿಲು ತೆಗೆದ್ರೂ ಹೆಸರು, ಟೈಮು, ಕಾರಣ ಬರ್ಕೊಳ್ಳಿ ಅಜ್ಜ. ದೊಡ್ಡೋರು ಚಿಕ್ಕೋರು ಅಂತ ಮುಖ ನೋಡ್ಬೇಡಿ."

"ಆಗ್ಲಿ," ಎಂದ ಅಜ್ಜ, ಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

ಮೊದಲು ಬಂದವನು ಮಾಲಿ, ಕೈಯಲ್ಲಿ ನೀರಿನ ಡಬ್ಬಿ. "ಪಾಪದ ಗಿಡಗಳನ್ನ ಕತ್ತಲಲ್ಲಿ ಕೂಡಿ ಹಾಕಿದ್ದೀರಂತೆ?"

ಸೊಪ್ಪಣ್ಣ ಸಹನೆಯಿಂದ ಗುಂಡಿಯ ಕತೆ ಹೇಳಿದ. ಮಾಲಿಯ ಕಣ್ಣು ಅರಳಿತು.

"ಹಾಗಾದ್ರೆ ಈಗ ಗುಂಡಿ ಹಾಕ್ಕೊಂಡಿದೆಯಾ? ಒಂದ್ಸಲ ನೋಡಿಬಿಡೋಣ."

"ಬೆಳಕು ಹಾಕಿ ನೋಡಿದ್ರೆ ಬಿಚ್ಕೊಳ್ಳುತ್ತೆ ಮಾರಾಯ!"

"ನೋಡ್ತಿದ್ರೆ ಬಿಚ್ಕೊಳ್ಳುತ್ತಾ? ನಾಚಿಕೆ ಇಲ್ವಾ ಅದಕ್ಕೆ?"

ಅವನನ್ನು ಸಾಗಹಾಕುವಷ್ಟರಲ್ಲಿ ಸೊಪ್ಪಣ್ಣನಿಗೆ ಸಾಕುಸಾಕಾಯಿತು. ತಾನು ಕಾಫಿಗೆ ಹೋಗಿದ್ದಾಗಲೇ ಮಾಲಿ ಕೈಚಳಕ ತೋರಿಸಿರಬಹುದೇ ಎಂಬ ಹುಳ ತಲೆ ಹೊಕ್ಕಿತು. ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಜಿಗೆ ಮರಳಿದ.

ಹತ್ತು ಗಂಟೆಗೆ ಕರೆಂಟಿನವನು ಏಣಿ ಹೊತ್ತು ಬಂದ. "ಈ ರೂಮಲ್ಲಿ ಬಲ್ಬಿಲ್ಲ ಅಂತ ಕಂಪ್ಲೇಂಟು."

"ಬಲ್ಬು ತೆಗೆದದ್ದು ನಾನೇ!"

"ನೀವು ತೆಗೆದದ್ದಕ್ಕೇ ಕಂಪ್ಲೇಂಟು. ಹಾಕದೆ ಹೋದ್ರೆ ನನ್ನ ಮೇಲೆ ಬರುತ್ತೆ."

ಏಣಿಯ ಒಂದು ತುದಿ ಅವನು, ಇನ್ನೊಂದು ತುದಿ ಇವನು ಹಿಡಿದು ಕಾಲು ಗಂಟೆ ಎಳೆದಾಡಿದರು. ಕೊನೆಗೆ ಕಾರಿಡಾರಿನಲ್ಲಿ ಸರಿಯಾಗಿಯೇ ಉರಿಯುತ್ತಿದ್ದ ಬಲ್ಬು ತೆಗೆದು ಅಲ್ಲಿಗೇ ಹೊಸದು ಹಾಕಿ ಕರೆಂಟಿನವನು ಸಹಿ ಮಾಡಿಸಿಕೊಂಡು ಹೋದ. ಸೊಪ್ಪಣ್ಣ ಮತ್ತೆ ಖಾತ್ರಿ ಮಾಡಿಕೊಂಡ.

ಪಕ್ಕದ ಲ್ಯಾಬಿನ ಅಕ್ಕನದು ಬೇರೆಯೇ ವರಸೆ. "ಅಯ್ಯೋ, ನಾನೇನೂ ನೋಡಲ್ಲಪ್ಪ. ಬರೀ ವಾಸನೆ ನೋಡ್ತೀನಿ," ಎನ್ನುತ್ತಲೇ ಬೀಗದ ಕಿಂಡಿಗೆ ಮೂಗಿಟ್ಟು, ಬಳಿಕ ಮೆಲ್ಲಗೆ ಮೂಗಿನ ಜಾಗಕ್ಕೆ ಕಣ್ಣು ತಂದರು. ಸೊಪ್ಪಣ್ಣ ತನ್ನ ಕರ್ಚೀಫನ್ನೇ ಕಿಂಡಿಗೆ ತುರುಕಿದ. ಆಮೇಲೆ ದಿನವಿಡೀ ಬೆವರು ಒರೆಸಿಕೊಳ್ಳಲು ಅಂಗಿಯ ತೋಳೇ ಗತಿಯಾಯಿತು.

ಎರಡಕ್ಕೆ ಸರಿಯಾಗಿ ಎಲೆ ಕಿತ್ತ, ಅರೆದ, ಯಂತ್ರಕ್ಕೆ ಹಾಕಿದ. ಮಲಗಿದ ಪ್ರೋಟೀನುಗಳದ್ದು ಚಿತ್ರದಲ್ಲಿ ಕೆಳಗಿನ ಗೆರೆ, ಎಚ್ಚರವಿದ್ದವುಗಳದ್ದು ಮೇಲಿನದು. ಸಂಜೆ ಏಳಕ್ಕೆ ಪರದೆಯ ಮೇಲೆ ಎರಡೂ ಗೆರೆ ಮೂಡಿದವು. ಅರ್ಧಕ್ಕರ್ಧ ಎದ್ದೇ ಕೂತಿದ್ದವು!

ಸಹಿ ಹಾಕಲು ಪಕ್ಕದಲ್ಲೇ ಕಾದಿದ್ದ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಸೊಪ್ಪಣ್ಣನಿಗೆ ಕಣ್ಣು ತುಂಬಿ ಬಂತು, ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಕಾರಿಡಾರಿಗೆ ಬಂದು, ಮನೆಗೆ ಹೊರಟಿದ್ದ ಮಾಲಿ, ಕರೆಂಟಿನವನು, ಅಕ್ಕ ಮೂವರನ್ನೂ ಅಡ್ಡಗಟ್ಟಿದ.

"ನಿಮ್ಮಲ್ಲೇ ಯಾರೋ ಬಾಗಿಲು ತೆಗೆದಿದ್ದೀರಿ! ನನ್ನ ಆರು ವರ್ಷಕ್ಕೆ ಕಲ್ಲು ಹಾಕಿದ್ದೀರಿ! ಅಜ್ಜ, ಪುಸ್ತಕ ತನ್ನಿ. ಮೇಡಂ ಮುಂದೆಯೇ ಓದಿ, ಗಟ್ಟಿಯಾಗಿ ಓದಿ!"

ಅಜ್ಜ ಕನ್ನಡಕ ಏರಿಸಿದ. "ಒಟ್ಟು ಹನ್ನೊಂದು ಸಲ. ಏಳೂ ನಲವತ್ತು, ಸೊಪ್ಪಣ್ಣ. ಎಂಟೂ ಇಪ್ಪತ್ತು, ಸೊಪ್ಪಣ್ಣ. ಒಂಬತ್ತೂ ಐದು, ಸೊಪ್ಪಣ್ಣ, ಮೊಬೈಲ್ ಟಾರ್ಚಿನ ಸಮೇತ. ಹತ್ತೂ ಇಪ್ಪತ್ತು..."

"ಬೇರೆ ಯಾರೂ ಇಲ್ವಾ?" ಮೇಡಂ ಕೇಳಿದರು.

"ಇಲ್ಲ. ಕೊನೇದು ಒಂದೂ ಐವತ್ತೆಂಟು, ಅದೂ ಸೊಪ್ಪಣ್ಣಾನೇ. ಕಾರಣ, ಹನ್ನೊಂದು ಸಲಕ್ಕೂ ಅವರು ಹೇಳಿದ್ದು ಒಂದೇ: ಯಾರೂ ಬಾಗಿಲು ತೆಗೆದಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ."

ಮಾಲಿ ನೀರಿನ ಡಬ್ಬಿಯೊಳಗೆ ಮುಖ ಹುದುಗಿಸಿ ನಕ್ಕ.

"ಅಜ್ಜಾ, ನೀವಾದ್ರೂ ತಡೀಬಾರದಿತ್ತಾ?" ಸೊಪ್ಪಣ್ಣ ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡ.

"ಬರ್ಕೊಳ್ಳಿ ಅಂದ್ರಿ, ಬರ್ಕೊಂಡೆ. ಮುಖ ನೋಡ್ಬೇಡಿ ಅಂದ್ರಿ, ನೋಡ್ಲಿಲ್ಲ."

ಮೇಡಂ ಮಾತ್ರ ನಗಲಿಲ್ಲ. ನೋಟ್‌ಬುಕ್ಕನ್ನೂ ಚಿತ್ರವನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ಅವರ ಮುಖ ಬರಬರುತ್ತ ಬೆಳಗಿತು. "ಮಧ್ಯೆ ಮಧ್ಯೆ ಚೂರುಚೂರು ಬೆಳಕು ಬಿದ್ರೆ ಇವು ಯಾಕೆ ಪೂರ್ತಿ ಮಲಗಲ್ಲ? ಅರ್ಧವೇ ಯಾಕೆ ಏಳ್ತವೆ? ಎಂಥ ಪ್ರಶ್ನೆ ನೋಡಿ! ಇದನ್ನ ಬಿಟ್ಟು ಪ್ರಬಂಧ ಮುಗಿಸೋದು ಪಾಪ. ಹೊಸ ಅಧ್ಯಾಯ ಶುರು ಮಾಡಿ. ಹೆಚ್ಚೇನಿಲ್ಲ, ಎರಡು ವರ್ಷ."

ಎಲ್ಲರೂ ಹೊರಟುಹೋದರು. ಜೇಬಿನಲ್ಲಿ ಅತ್ತೆಯ ಫೋನು ಬಡಿದುಕೊಳ್ಳುತ್ತಿತ್ತು. ಸೊಪ್ಪಣ್ಣ ಅದನ್ನು ಎತ್ತದೆ ಕೋಣೆಯ ಮುಂದೆಯೇ ನಿಂತ. ಈಗ ಒಳಗೆ ಮತ್ತೆ ಕತ್ತಲು. ಕುಂಡಗಳಲ್ಲಿ ಉಳಿದ ಎಲೆಗಳು ಈ ಹೊತ್ತಿಗೆ ಮಲಗಿದವೋ ಇಲ್ಲವೋ? ಅವನ ಕೈ ತಾನಾಗಿ ಚಿಲಕದ ಮೇಲೆ ಹೋಯಿತು.

ಹಿಂದಿನಿಂದ ಹಾಳೆ ಮಗುಚಿದ ಸದ್ದಾಯಿತು.

"ಏಳೂ ಮೂವತ್ತೈದು," ಎಂದ ಅಜ್ಜ. "ಕಾರಣ ಏನಂತ ಬರೀಲಿ?"