ಐದನೇ ಮಾಳಿಗೆಯ ಫ್ಲಾಟ್ ನೋಡಿ ಹೋದವರು

ಮನೆ ತೋರಿಸುವ ಬ್ರೋಕರಿನ ಹಣೆಯಲ್ಲಿ ಏನು ಬರೆದಿರುತ್ತದೋ ಗೊತ್ತಿಲ್ಲ, ನೆಟ್ಟಗಿನ ಗಿರಾಕಿ ಒಬ್ಬನೂ ನನ್ನ ಪಾಲಿಗೆ ಬರುವುದಿಲ್ಲ. ಬಂಟ್ವಾಳದ ಬಿ.ಸಿ.ರೋಡಿನ ಆ ಫ್ಲಾಟ್ ಕೈಗೆ ಬಂದ ಮೇಲಂತೂ ಇದೇ ಕಥೆ. ನಮ್ಮಲ್ಲಿ ಲಿಫ್ಟ್ ಅಂತ ಮೊದಲು ಕಂಡ ಹಳೆಯ ಕಟ್ಟಡ ಅದು. ಐದೇ ಮಾಳಿಗೆ, ಆದರೆ ನಮ್ಮ ಕಣ್ಣಿಗೆ ಅದೇ ಗಗನಚುಂಬಿ. ತುದಿಯ ಫ್ಲಾಟನ್ನು ದುಬೈಯಲ್ಲಿರುವ ಧಣಿ ನೆಲದಿಂದ ಸೀಲಿಂಗಿನವರೆಗೆ ಹೊಸತು ಮಾಡಿಸಿ, ಕೀ ಕೊಟ್ಟು ಹೇಳಿದರು: "ನನ್ನ ರಜೆ ಮುಗಿಯುವುದರೊಳಗೆ ಗಿರಾಕಿ ಸಿಗದಿದ್ರೆ ಕೀ ನಿಮ್ಮ ಭಾವನಿಗೆ ಕೊಡ್ತೇನೆ."

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಅವನೂ ಬ್ರೋಕರ್. ನನ್ನಿಂದ ಆಗದ್ದನ್ನು ಮಾರಿ, ನಮ್ಮಲ್ಲಿಗೇ ಊಟಕ್ಕೆ ಬಂದು, ಹೇಗೆ ಮಾರಿದೆ ಅಂತ ನನಗೇ ವಿವರಿಸುವ ಆಸಾಮಿ. ಅವನ ಕೈಗೆ ಆ ಕೀ ಹೋಗುವುದಕ್ಕಿಂತ ನಾನು ಲಿಫ್ಟಿನಲ್ಲಿ ಸಿಕ್ಕಿಬೀಳುವುದು ವಾಸಿ.

ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆಯ ನಮ್ಮ ಜನರ ಮರ್ಯಾದೆಯೇ ಮರ್ಯಾದೆ. ಮುಖಕ್ಕೆ "ಬೇಡ" ಅಂತ ಯಾರೂ ಹೇಳುವುದಿಲ್ಲ. "ನೋಡುವ" ಅಂತ ಹೇಳಿ ಚಪ್ಪಲಿ ಹಾಕಿಕೊಳ್ಳುತ್ತಾರೆ. ಆಮೇಲೆ ಫೋನ್ ಎತ್ತುವುದಿಲ್ಲ.

ಗಡಿಕಲ್ಲು

ಮೊದಲು ಬಂದದ್ದು ಕೊಕ್ಕಡದ ಕೃಷಿಕರೊಬ್ಬರು. ಅಣ್ಣನ ಜೊತೆ ಬೇಲಿ ಜಗಳದಲ್ಲೇ ಕೂದಲು ನರೆತವರು. ಹೊಸ ಸೀಲಿಂಗನ್ನು ತಲೆಯೆತ್ತಿ ಸಹ ನೋಡಲಿಲ್ಲ.

"ಗಡಿಕಲ್ಲು ಎಲ್ಲಿ?"

"ಫ್ಲಾಟಿಗೆ ಗಡಿಕಲ್ಲು ಇಲ್ಲ ಮಾರಾಯ್ರೆ. ಈ ಗೋಡೆಯೇ ಗಡಿ."

"ಗೋಡೆ ನಂದಾ, ಆಚೆಯವನದ್ದಾ?"

"ಇಬ್ಬರದ್ದೂ."

"ಮೇಲಿನ ಟೆರೇಸ್?"

"ಎಲ್ಲರದ್ದು."

ಅವರು ಕಿಟಕಿಯಿಂದ ಕೆಳಗೆ ನೋಡಿದರು, ಮತ್ತೆ ನನ್ನನ್ನು ನೋಡಿದರು. "ಒಂದು ಮುಷ್ಟಿ ಮಣ್ಣು ಇಲ್ಲ. ನೀವು ಗಾಳಿ ಮಾರ್ತೀರಿ!" ಹೊರಟವರು ಬಾಗಿಲಲ್ಲಿ ನಿಂತು ಪಾಪದ ಮುಖ ಮಾಡಿದರು. "ಇಲ್ಲಿಗೆ ಬಂದ್ರೆ ಮತ್ತೆ ನಾನು ಅಣ್ಣನ ಹತ್ರ ಯಾವುದಕ್ಕೆ ಜಗಳ ಮಾಡುವುದು? ನೋಡುವ."

ಚಂದದ ಅಡಿಗೆಮನೆ

ಮತ್ತೆ ಬಂದದ್ದು ಮೂಡಬಿದ್ರೆಯ ನಿವೃತ್ತ ಅಧಿಕಾರಿ ಮತ್ತು ಅವರ ಹೆಂಡತಿ. ಆ ಅಮ್ಮ ಸೀದಾ ಅಡಿಗೆಮನೆಗೆ ಹೋದರು. ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಡ್ರಾಯರನ್ನು ಎಳೆದರು, ಬಿಟ್ಟರು, ಪುನಃ ಎಳೆದರು. ಮುಖ ಅರಳಿತು. ವ್ಯಾಪಾರ ಆಯ್ತು ಅಂದುಕೊಂಡೆ.

"ಲಾಯಿಕ್ ಉಂಟು. ಇನ್ನು ಅಡಿಗೆ ಮಾಡುವ ಅಡಿಗೆಮನೆ ತೋರಿಸಿ."

"ಇದುವೇ ಅಮ್ಮ."

"ಇದರಲ್ಲಿ ಬಂಗುಡೆ ಮೀನು ಕಾಯಿಸುವುದಾ? ದೇವರೇ! ಈ ಬಿಳಿ ಕಲ್ಲಿಗೆ ಎಣ್ಣೆ ಹಾರುವುದಿಲ್ವಾ? ಇಂಥದ್ದು ನಮ್ಮಲ್ಲೂ ಒಂದು ಉಂಟು, ನೆಂಟರಿಗೆ ತೋರಿಸ್ಲಿಕ್ಕೆ. ಅಡಿಗೆ ಎಲ್ಲ ಮನೆಯ ಹಿಂದೆ ಶೀಟಿನ ಮಾಡಿನ ಅಡಿಯಲ್ಲಿ."

ಗಂಡ ನನ್ನನ್ನು ಬದಿಗೆ ಕರೆದರು. "ನಮ್ಮಲ್ಲಿನ ಆ ತೋರಿಕೆಯ ಅಡಿಗೆಮನೆಯಲ್ಲಿ ನನಗೆ ನೀರು ಕುಡಿಯಲಿಕ್ಕೂ ಪರ್ಮಿಷನ್ ಇಲ್ಲ. ಇನ್ನೊಂದು ಅಂಥದ್ದು ಯಾಕೆ ಮಾರಾಯ್ರೆ? ನೋಡುವ."

ವಿಡಿಯೋ ಕಾಲ್

ಕನ್ಯಾನದ ಹುಡುಗನೊಬ್ಬ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ಒಳಗೆ ಬಂದವನೇ ಸೌದಿಯ ದಮ್ಮಾಮಿನಲ್ಲಿದ್ದ ಅಣ್ಣನಿಗೂ ಮನೆಯಲ್ಲಿದ್ದ ಉಮ್ಮ, ಅಂದರೆ ತಾಯಿಗೂ ಒಟ್ಟಿಗೆ ವಿಡಿಯೋ ಕಾಲ್ ಹಚ್ಚಿ, ಮೊಬೈಲನ್ನು ನನ್ನ ಕೈಗೆ ಕೊಟ್ಟ. ಅಣ್ಣ "ನೆಲ ತೋರಿಸಿ" ಅಂದರೆ ಬಗ್ಗಿದೆ. ಉಮ್ಮ "ಬಚ್ಚಲಿನ ಮೂಲೆ ಕಾಣುವುದಿಲ್ಲ" ಅಂದರೆ ಮೊಣಕಾಲೂರಿದೆ. ಹುಡುಗ ಟೇಪು ಹಿಡಿದು ಟೈಲ್ಸ್ ಅಳೆಯುವುದನ್ನು ಕಂಡು ನನಗೆ ಖುಷಿಯೋ ಖುಷಿ.

ಕೊನೆಗೆ ಬೆನ್ನು ಹಿಡಿದುಕೊಂಡು ಎದ್ದು ಕೇಳಿದೆ. "ಹಾಗಾದ್ರೆ ಫ್ಲಾಟ್ ಗಟ್ಟಿಯಾ?"

"ಫ್ಲಾಟಾ? ಅದು ನೋಡುವ ಅಣ್ಣಾ. ನಮ್ಮ ಮನೆಯ ಬಚ್ಚಲು ರಿಪೇರಿಗೆ ಉಂಟು. ಈ ಟೈಲ್ಸ್ ಹಾಕಿದವರ ನಂಬರ್ ಉಂಟಾ?"

ಕೊನೆಯ ಗಿರಾಕಿ

ಧಣಿ ವಿಮಾನ ಹತ್ತಲು ಒಂದೇ ದಿನ ಬಾಕಿ. ನನ್ನ ಮುಖ ನೋಡಲಾಗದೆ ಹೆಂಡತಿ, "ನನಗಾದ್ರೂ ಒಮ್ಮೆ ತೋರಿಸಿ" ಅಂದಳು. ಕರೆದುಕೊಂಡು ಹೋದೆ. ಬಾಲ್ಕನಿಯಲ್ಲಿ ನಿಂತು ಗಾಳಿ ಕುಡಿದಳು, ಡ್ರಾಯರ್ ಎಳೆದಳು. ಆಮೇಲೆ ತಣ್ಣಗೆ ಹೇಳಿದಳು.

"ನಮ್ಮ ಹಳೆ ಮನೆ ಮಾರುವ. ಇದನ್ನು ನಾವೇ ತೆಗೊಳ್ಳುವ."

ನಾನು ಕೀಯನ್ನು ಜೇಬಿಗೆ ಹಾಕಿಕೊಂಡೆ. "ಅಂಗಳ ಇಲ್ಲ ಮಾರಾಯ್ತಿ."

"ಅಂಗಳ ಗುಡಿಸುವ ಕಷ್ಟ ಇಲ್ಲ ಅಂತ ಎಲ್ಲರಿಗೂ ಹೇಳುವುದು ನೀವೇ ಅಲ್ವಾ?"

"ಲಿಫ್ಟ್ ಹಳತು."

"ವಿಮಾನದ ಹಾಗೆ ಹೋಗ್ತದೆ ಅಂತ ನಿನ್ನೆ ಫೋನಿನಲ್ಲಿ ಹೇಳಿದ್ದು ಯಾರು?"

"ಮೀನು ಕಾಯಿಸಿದ್ರೆ ವಾಸನೆ ಹಾಲ್‌ವರೆಗೆ ಬರ್ತದೆ."

"ಬರಲಿ. ತಿನ್ನುವವರು ನೀವೇ."

ಇಷ್ಟು ದಿನ ಸ್ವರ್ಗ ಅಂತ ಹೊಗಳಿದ ಬಾಯಿಯಿಂದ ತಾನಾಗಿಯೇ ಬಿತ್ತು: "ನೋಡುವ."

ಅವಳು ಮೊಬೈಲ್ ತೆಗೆದು ತವರಿಗೆ ಫೋನ್ ಹಚ್ಚಿದಳು.

"ಅಣ್ಣಾ, ಕೀ ತೆಗೊಂಡು ಹೋಗ್ಲಿಕ್ಕೆ ಬಾ. ಇವರಿಗೂ ಬೇಡವಂತೆ. ಊಟಕ್ಕೆ ನಮ್ಮಲ್ಲಿಯೇ ನಿಲ್ಲು."