ಮುದ್ದೆ ಮೂಸಿದ ಅಧಿಕಾರಿ

ಸ್ವತಃ ಸೇದುವವನಿಗೆ ಇನ್ನೊಬ್ಬರ ಬೀಡಿ ಬಿಡಿಸುವ ಅಧಿಕಾರ ಕೊಡಬಾರದು. ಅವನು ಆ ಕೆಲಸವನ್ನು ವಿಪರೀತ ಶ್ರದ್ಧೆಯಿಂದ ಮಾಡುತ್ತಾನೆ. ತನ್ನ ಕೈಲಾಗದ್ದನ್ನು ಹತ್ತು ಜನರಿಂದ ಮಾಡಿಸಿದರೆ ತನಗೂ ಅಷ್ಟಿಷ್ಟು ಪುಣ್ಯ ಬಂದೀತು ಎಂಬ ಆಸೆಯೋ ಏನೋ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಂಥದೊಬ್ಬ ಅಧಿಕಾರಿಯಾಗಿದ್ದೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ನಮಗೆ ತಿಳಿದದ್ದು ನಿಜವೇ ಎಂದು ಎರಡು ವರ್ಷ ತಲೆ ಕೆಡಿಸಿಕೊಂಡು, ಕಡೆಗೆ ತಾಲ್ಲೂಕು ಕಚೇರಿ ಸೇರಿದ್ದೆ. ಚನ್ನಗಿರಿ, ಹೊನ್ನಾಳಿ ಎಂದು ವರ್ಗವಾಗುತ್ತ ತಿರುಗುತ್ತಿದ್ದ ಕಾಲ. ಇದು ನಡೆದ ಊರಿನ ಹೆಸರು ಬೇಡ. ಕಚೇರಿಯ ಹಿಂದೆಯೇ ಸಬ್‌ಜೈಲು. ಅದರ ಉಸ್ತುವಾರಿಯೂ ನನ್ನ ತಲೆಗೇ ಬಂದಿತ್ತು.

ಒಂದೇ ಕೋಣೆ, ಎಂಟೋ ಒಂಬತ್ತೋ ಜನ ವಿಚಾರಣೆ ಕೈದಿಗಳು. ಎಂಟು ಎಂದೇ ನೆನಪು, ಆದರೆ ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಎಲ್ಲರೂ ಬೀಡಿ ಸೇದುತ್ತಿದ್ದರು, ಜಗಳೂರು ಕಡೆಯ ತಿಪ್ಪೇಶಪ್ಪ ಒಬ್ಬನನ್ನು ಬಿಟ್ಟು. ಅವನು ಸವಳಂಗದ ಹತ್ತಿರ ಕೂಲಿಗೆ ಬಂದವನು. ನೀರಿನ ಸರದಿಗೆ ಜಗಳವಾಗಿ ಒಬ್ಬನಿಗೆ ಗುದ್ದಲಿಯಲ್ಲಿ ಹೊಡೆದಿದ್ದ. ಜಾಮೀನಿಗೆ ನಿಲ್ಲುವವರು ಯಾರೂ ಇರಲಿಲ್ಲ. ಒಂದು ದಿನ ಕಂಬಿ ಹಿಡಿದುಕೊಂಡು, "ಸಾಹೇಬ್ರೆ, ನಂಗೆ ದಮ್ಮು ಐತ್ರಿ. ಇವ್ರ ಹೊಗೆಯಾಗೆ ಉಸ್ರಾಡಾಕೆ ಆಗವಲ್ದು. ಜಡ್ಜ್ ಸಾಹೇಬ್ರು ಶಿಕ್ಷೆ ಕೊಡೋಕೆ ಮುಂಚೆ ಇವ್ರೇ ಕೊಟ್ಬಿಡ್ತಾರೆ" ಎಂದ.

ನನಗೆ ಆವೇಶ ಬಂತು. ಮರುದಿನವೇ ಆಜ್ಞೆ ಹೊರಡಿಸಿದೆ: ಜೈಲಿನೊಳಗೆ ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದೂ ಕೂಡದು. ಮನೆಯಿಂದ ಬರುವ ಬುತ್ತಿಯನ್ನು ಖುದ್ದು ಪರಿಶೀಲಿಸಲಾಗುವುದು. ಬರೆದ ಖುಷಿಗೆ ಒಂದು ಸಿಗರೇಟು ಹಚ್ಚಿದೆ.

ಕೈದಿಗಳು ಪೊರಕೆ ಕಡ್ಡಿ ಸುಟ್ಟು ನೋಡಿದರು, ಒಣಗಿದ ಬಾಳೆಲೆ ಸುತ್ತಿ ನೋಡಿದರು. ಪಹರೆಯ ಪೇದೆ ರುದ್ರಪ್ಪ ಬಂದು, "ಸಾರ್, ತಲೆ ಒಡ್ದು ಬಂದೋನು ಸುಮ್ನೆ ಕುಂತಾನೆ, ಬೀಡಿ ಇಲ್ದೋನು ಗ್ವಾಡೆ ಒದೀತಾನೆ" ಎಂದು ವರದಿ ಒಪ್ಪಿಸಿದ. ಒಂದು ವಾರದಲ್ಲಿ ಅವರೆಲ್ಲ ಶಾಂತರಾದರು. ನಿಷೇಧ ಗೆದ್ದಿತೆಂದು ಬೀಗಿದೆ. ರುದ್ರಪ್ಪನೇ ಬಿಡಿಸಿ ಹೇಳಿದ: ನನ್ನ ಕಿಟಕಿಯ ಹೊಗೆ ನೇರ ಅವರ ಕೋಣೆಗೆ ಹೋಗುತ್ತಿತ್ತು. "ನೀವು ಹಚ್ಚಿದ್ ಕೂಡ್ಲೆ ಎಲ್ಲಾ ಈ ಕಡೆ ಗ್ವಾಡೆಗೆ ಒರಗಿ ಕುಂತ್ಕಂತಾರೆ ಸಾರ್. ತಿಪ್ಪೇಶಿ ಮಾತ್ರ ಆ ಮೂಲೆಗೆ ಹೋಗ್ತಾನೆ." ಅಂದಿನಿಂದ ಕಿಟಕಿ ಮುಚ್ಚಿ ಸೇದತೊಡಗಿದೆ. ಬಿಡಬಹುದೆಂದು ಹೊಳೆಯಲಿಲ್ಲ.

ತಿಪ್ಪೇಶಪ್ಪನ ಹೆಂಡತಿ ಕೆಂಚಮ್ಮ ಸೋಮವಾರ ಸೋಮವಾರ ಸವಳಂಗದ ಬಸ್ಸಿಗೆ ಬರುತ್ತಿದ್ದಳು. ಬಟ್ಟೆಯಲ್ಲಿ ಕಟ್ಟಿದ ನಾಲ್ಕು ರಾಗಿ ಮುದ್ದೆ, ಒಂದು ಡಬ್ಬಿ ಸಾರು, ಕಾಗದದ ಪೊಟ್ಟಣದಲ್ಲಿ ಅಲ್ಲಿನ ಡಾಕ್ಟರು ಕೊಟ್ಟ ದಮ್ಮಿನ ಮಾತ್ರೆ. ಹಿಂದಿನ ವಾರ ಇನ್ಯಾರದೋ ಮುದ್ದೆಯೊಳಗೆ ಹೊಗೆಸೊಪ್ಪಿನ ಉಂಡೆ ಸಿಕ್ಕಿತ್ತಾದ್ದರಿಂದ ಒಂದು ಸೋಮವಾರ ನಾನು ಅವಳ ಮುದ್ದೆಗೂ ಕೈ ಹಾಕಿದೆ. ಏನೂ ಸಿಗಲಿಲ್ಲ. ಬೆರಳು ಮೂಸಿದೆ. ಹೊಗೆಸೊಪ್ಪು! ಪುಡಿ ಮಾಡಿ ಹಿಟ್ಟಿಗೇ ಬೆರೆಸಿದ್ದಾಳೆ ಎಂದು ತರ್ಕಿಸಿದೆ. ತರ್ಕಶಾಸ್ತ್ರದಲ್ಲಿ ನನಗೆ ಒಳ್ಳೆಯ ಅಂಕಗಳು ಬಂದಿದ್ದವು.

"ಅಯ್ಯೋ ಸಾಹೇಬ್ರೆ, ಅವ್ರಿಗೆ ಹೊಗೆ ಕಂಡ್ರೇ ಆಗಾಕಿಲ್ಲ. ನಾನ್ಯಾಕೆ ಹಾಕ್ಲಿ?" ಎಂದಳು.

"ಉಳಿದವರಿಗೆ ಮಾರೋಕೆ ಇರಬಹುದು" ಎಂದೆ. ಎರಡು ವಾರ ಭೇಟಿಯೂ ಇಲ್ಲ, ಬುತ್ತಿಯೂ ಇಲ್ಲ ಎಂದು ರಿಜಿಸ್ಟರಿನಲ್ಲಿ ಬರೆದೆ. ಪೊಟ್ಟಣವನ್ನೂ ಗಂಟಿನೊಂದಿಗೆ ವಾಪಸು ಕಳಿಸಿದೆ.

ಮೂರು ನಾಲ್ಕು ದಿನ ಬಿಟ್ಟು ರುದ್ರಪ್ಪ ತಲೆ ಕೆರೆದುಕೊಳ್ಳುತ್ತ ಬಂದ. "ಸಾರ್, ಬೈಬ್ಯಾಡ್ರಿ. ಆವತ್ತು ನೀವು ಸಿಗರೇಟು ಆರ್ಸಿ ಬಂದು ಮುದ್ದೆಗೆ ಕೈ ಹಾಕಿದ್ರಿ. ಆ ವಾಸ್ನೆ ನಿಮ್ಮ ಬೆರಳಿಂದೇ ಇರ್ಬೋದು. ಆವಾಗ್ಲೇ ಹೇಳಾಕೆ ಬಂದೆ, ನೀವು ಬರೀತಾ ಇದ್ರಿ."

ಸೇದಿದ್ದು ಮೊದಲೋ ಆಮೇಲೋ? ಒಮ್ಮೆ ಹಾಗೆ ನೆನಪಾಗುತ್ತಿತ್ತು, ಒಮ್ಮೆ ಹೀಗೆ. ರುದ್ರಪ್ಪನ ನೆನಪೇ ಸರಿಯೆಂದು ಏನು ಆಧಾರ? ಮನುಷ್ಯನ ಜ್ಞಾಪಕಶಕ್ತಿ ಎಷ್ಟು ದುರ್ಬಲವೆಂದು ನಾನು ಅವನಿಗೆ ಅರ್ಧ ಗಂಟೆ ವಿವರಿಸಿದೆ. ಪಾಪ, ನಿಂತೇ ಕೇಳಿದ. ನಿಜ ಹೇಳಬೇಕೆಂದರೆ, ಶಾಯಿಯಲ್ಲಿ ಬರೆದು ಸಹಿ ಹಾಕಿದ್ದೆ; ಹೊಡೆದುಹಾಕಿದರೆ ಮೇಲಿನವರು ಕಾರಣ ಕೇಳುತ್ತಿದ್ದರು. 'ನನ್ನ ಬೆರಳು' ಎಂದು ಉತ್ತರ ಕೊಡುವುದು ಹೇಗೆ?

ಎರಡನೆಯ ವಾರ ತಿಪ್ಪೇಶಪ್ಪನಿಗೆ ದಮ್ಮು ಏರಿತು. ನಮ್ಮೂರ ಆಸ್ಪತ್ರೆಯಲ್ಲಿ ಆಗದೆ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಶನಿವಾರ ಅಲ್ಲಿಯೇ ತೀರಿಕೊಂಡ. ಆ ಮಾತ್ರೆ ಇದ್ದಿದ್ದರೆ ಉಳಿಯುತ್ತಿದ್ದನೇ ಎಂದು ಹೇಳಲು ನಾನು ವೈದ್ಯನಲ್ಲ. ರಿಜಿಸ್ಟರಿನಲ್ಲಿದ್ದ ವಿಳಾಸಕ್ಕೆ, ಅಂದರೆ ಜಗಳೂರು ತಾಲ್ಲೂಕಿನ ಅವನ ಹುಟ್ಟೂರಿಗೆ, ಸುದ್ದಿ ಕಳಿಸಿದೆವು. ಹೆಂಡತಿ ಸವಳಂಗದ ಕಡೆ ಇದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ರಿಜಿಸ್ಟರಿಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕೆಂಚಮ್ಮ ಬಂದಳು, ನಿಷೇಧದ ಅವಧಿ ಮುಗಿಯಿತೆಂದು ದಿನ ಎಣಿಸಿಕೊಂಡು. ರುದ್ರಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನಾನು ಎದ್ದು ನಿಂತೆ. ಮುದ್ದೆ ನೋಡುವುದಕ್ಕೆ ಎದ್ದೆನೆಂದು ಅವಳು ತಿಳಿದಳು.

"ನೀವು ಕೈ ಹಾಕಬ್ಯಾಡ್ರಿ ಸಾಹೇಬ್ರೆ, ನಿಮ್ಗ್ಯಾಕೆ ತ್ರಾಸು. ನಾನೇ ಒಡ್ದು ತೋರಿಸ್ತೀನಿ" ಎಂದು ನೆಲದ ಮೇಲೆ ಕೂತು ಗಂಟು ಬಿಚ್ಚಿದಳು. ಮೊದಲನೆಯ ಮುದ್ದೆಯನ್ನು ನಾಲ್ಕು ಭಾಗ ಮಾಡಿ, ಒಂದೊಂದನ್ನೂ ಬೆರಳಲ್ಲಿ ಹಿಚುಕಿ ಎತ್ತಿ ಹಿಡಿದಳು. "ನೋಡ್ರಿ, ಏನೂ ಇಲ್ಲ." ಬಗ್ಗಿ ನೋಡಿದೆ. ಹೌದೆಂದು ತಲೆಯಾಡಿಸಿದೆ. ಎರಡನೆಯದನ್ನು ಒಡೆದಳು. ಅದನ್ನೂ ನೋಡಿದೆ. "ಈ ಸಲ ಅವ್ರ ದಮ್ಮು ಹೆಂಗೈತ್ರಿ?" ಎಂದಳು. "ಅದನ್ನೂ ಒಡಿಯಮ್ಮ" ಎಂದು ಮೂರನೆಯದರ ಕಡೆ ಕೈ ತೋರಿಸಿದೆ.

ನನ್ನ ವೃತ್ತಿಜೀವನದಲ್ಲಿ ಬುತ್ತಿಯನ್ನು ಅಷ್ಟು ಕೂಲಂಕಷವಾಗಿ ನಾನು ಇನ್ನೆಂದೂ ಪರಿಶೀಲಿಸಿಲ್ಲ. ನಾಲ್ಕನೆಯದೂ ಮುಗಿಯುತ್ತ ಬಂದಾಗ, ಈ ಹೆಂಗಸು ಇನ್ನೆರಡು ಮುದ್ದೆ ಜಾಸ್ತಿ ತರಬಾರದಿತ್ತೇ ಎಂದು ಅವಳ ಮೇಲೆಯೇ ನನಗೆ ಸಿಟ್ಟು ಬಂತು.